ಒಂದು ಸೇರು ತೌಡಿಗೆ ನಾನು

ಕಾರು ಶಿರಾಳಕೊಪ್ಪ ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಒಣಗಲೆಂದು ಟಾರು ರಸ್ತೆಯ ಮೇಲೆ ಹರವಿದ್ದ ಮೆಕ್ಕೆಜೋಳದ ಮೇಲೆ ಚಕ್ರ ಜಾರಬಹುದಿತ್ತು. ಕಾರು ಓಡಿಸುತ್ತಿದ್ದವಳು ಐದು ತಿಂಗಳ ಬಸುರಿ ನನ್ನ ಮಗಳು. ಅವಳಿಗೆ ತಲೆ ಸುತ್ತಬಹುದಿತ್ತು, ವಾಂತಿಯಾಗಬಹುದಿತ್ತು, ಎರಡೂ ಒಂದೇ ತಿರುವಿನಲ್ಲಿ ಆಗಬಹುದಿತ್ತು. ಹಿಂದಿನ ಸೀಟಿನಲ್ಲಿದ್ದ ಅವ್ವ ಬಿಪಿ ಮಾತ್ರೆ ನುಂಗುವುದನ್ನು ಮರೆತಿರಬಹುದಿತ್ತು, ಇಲ್ಲವೇ ಮರೆತೆನೆಂದುಕೊಂಡು ಇನ್ನೊಂದು ನುಂಗಿರಬಹುದಿತ್ತು. ಅಂಜನಾಪುರದ ಡ್ಯಾಮು ಒಡೆಯಬಹುದಿತ್ತು. ಅದು ನಾವು ಹೊರಟ ದಿಕ್ಕಿಗೆ ಪೂರ್ತಿ ವಿರುದ್ಧ, ನಿಜ. ಆ ನೀರು ನಮ್ಮನ್ನು ಮುಳುಗಿಸಬೇಕಾದರೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳಿಕೊಂಡು ಬರಬೇಕು. ಆದರೂ ನೀರನ್ನು ನಂಬಲಾಗದು.

ಊರು ಮುಟ್ಟಿದ ಮೇಲಿನ ಅಪಾಯಗಳೇ ಬೇರೆ. ಕುರಿ ಕಾಯುವ ನಾಯಿ ನಮ್ಮ ಮೂವರಲ್ಲಿ ನನ್ನನ್ನೇ ಆರಿಸಿಕೊಳ್ಳಬಹುದಿತ್ತು. ನಾಯಿಗಳಿಗೆ ನನ್ನ ವಿಷಯ ಹೇಗೋ ಗೊತ್ತಿರುತ್ತದೆ. ನಾವು ನೋಡಹೊರಟ ಮುದುಕಿ ಹಿಂದಿನ ದಿನವೇ ತೀರಿಕೊಂಡಿರಬಹುದಿತ್ತು. ಬದುಕಿದ್ದೂ ನನ್ನನ್ನು ಮಾರಲು ಒಪ್ಪದಿರಬಹುದಿತ್ತು. ಅವಳು ಒಪ್ಪಿದರೂ, ಈ ಮನುಷ್ಯ ಹೊಲದಲ್ಲಿ ಪಾಲು ಕೇಳಲು ಬಂದಿದ್ದಾನೆಂದು ಅವಳ ಮಕ್ಕಳು ಕುಡುಗೋಲು ಹಿಡಿದು ಹೊರಬರಬಹುದಿತ್ತು. ಯಾರಾದರೂ ವಿಡಿಯೋ ಮಾಡಿ, ಅದು ಕೈಯಿಂದ ಕೈಗೆ ಹಾದು ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಬೀಳಬಹುದಿತ್ತು. ತೌಡು ಶ್ವಾಸಕೋಶಕ್ಕೆ ಇಳಿಯಬಹುದಿತ್ತು. ಸೊಂಟ ಹಿಡಿದುಕೊಂಡು, ಆಂಬ್ಯುಲೆನ್ಸಿನವರು "ಎಲ್ಲಿಂದ ಬಿದ್ರಿ ಸಾರ್?" ಎಂದು ಕೇಳಿದಾಗ "ಬಿದ್ದಿಲ್ಲ, ಮೊರದಲ್ಲಿ ಮಲಗಿದ್ದೆ" ಎಂದು ಹೇಳಬೇಕಾಗಿ ಬರಬಹುದಿತ್ತು.

ಮಾರುವುದು ಎಂದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಮಾಲು ನಾನೇ. ವಯಸ್ಸು ಐವತ್ತೊಂದು.

ನನಗಿಂತ ಮೊದಲು ಹುಟ್ಟಿದ ಮಕ್ಕಳು ಅವ್ವನಿಗೆ ಉಳಿಯಲಿಲ್ಲ. ನಾನು ಹುಟ್ಟಿದಾಗ ನಮ್ಮ ಮನೆ ಆನವಟ್ಟಿ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಪಕ್ಕದ ಮನೆ ಕುರಿ ಸಾಕುವವರದು. ಆ ಮನೆಯ ಹೆಂಗಸು ಹೆತ್ತ ಮಕ್ಕಳೆಲ್ಲ ಉಳಿದಿದ್ದವು. ಉಳಿದದ್ದಷ್ಟೇ ಅಲ್ಲ, ಬೀದಿಯವರು ಬೇಡವೆನ್ನುವಷ್ಟು ಗಲಾಟೆ ಮಾಡಿಕೊಂಡಿದ್ದವು. ನಮ್ಮ ಕಡೆ ಇಂಥದ್ದಕ್ಕೊಂದು ಉಪಾಯವಿದೆ. ಕೂಸನ್ನು ಮೊರದಲ್ಲಿ ಮಲಗಿಸಿ, ಮಕ್ಕಳು ಉಳಿಯುವ ಮನೆಯವಳಿಗೆ ಒಂದು ಸೇರು ತೌಡಿಗೆ ಮಾರಿಬಿಡುವುದು. ಕೆಟ್ಟ ಗಳಿಗೆ ಬಾಗಿಲಿಗೆ ಬಂದು ವಿಚಾರಿಸಿದರೆ, "ಇದು ನಮ್ಮದಲ್ಲ, ಪಕ್ಕದ ಮನೆದು, ತೌಡಿಗೆ ಬಂದ ಮಾಲು, ಹೇಳಿಕೊಳ್ಳುವಂಥದ್ದೇನೂ ಅಲ್ಲ" ಎನ್ನಬಹುದು. ಕೂಸು ಇರುವುದು ಹೆತ್ತವಳ ಮನೆಯಲ್ಲೇ, ಹಾಲು ಕುಡಿಸುವುದೂ ಅವಳೇ. ಲೆಕ್ಕಕ್ಕೆ ಮಾತ್ರ ಬೇರೆಯವರದು. ಓಡಾಡುವ ವಯಸ್ಸು ಬಂದಮೇಲೆ ಅಷ್ಟೇ ತೌಡು ಅಳೆದುಕೊಟ್ಟು ಬಿಡಿಸಿಕೊಂಡು ಬರುತ್ತಾರೆ.

ನನ್ನನ್ನು ಬಿಡಿಸಿಕೊಂಡು ಬಂದಿರಲಿಲ್ಲ.

ಇದು ಹೊರಬಿದ್ದದ್ದು ಸೊರಬದಲ್ಲಿರುವ ಮಗಳು ತಾನು ಬಸುರಿಯೆಂಬ ಸುದ್ದಿ ಹೊತ್ತು ಶಿಕಾರಿಪುರಕ್ಕೆ ಬಂದ ದಿನ, ಮಧ್ಯಾಹ್ನದ ಊಟಕ್ಕೆ ಕೂತಾಗ. ಸುದ್ದಿ ಕೇಳಿ ಅವ್ವ ಬಾಯಲ್ಲಿದ್ದ ತುತ್ತು ನುಂಗಿದಳು. ಆಮೇಲೆ ಕೇಳಿದಳು:

"ಹುಟ್ಟೋ ಕೂಸು ಯಾವ ಅಜ್ಜನ ಮೊಮ್ಮಗು ಆಗ್ತೈತೆ?"

"ಇದೇ ಅಜ್ಜಂದು," ಎಂದು ಮಗಳು ನನ್ನ ಕಡೆ ಬೆರಳು ತೋರಿಸಿದಳು.

"ಅದಕ್ಕೇ ಕೇಳಿದ್ದು. ನಿಮ್ಮಪ್ಪ ನಮ್ಮನೆಯೋನೇ ಅಲ್ಲ. ಇನ್ನೂ ಬಿಡಿಸ್ಕೊಂಡಿಲ್ಲ ಅವನ್ನ."

ಮಗಳು ನಕ್ಕ ರಭಸಕ್ಕೆ ಸಾರು ಅವಳ ನೆತ್ತಿಗೆ ಹತ್ತಿತು. ನಾನು ಎದ್ದು ಅವಳ ಬೆನ್ನು ತಟ್ಟಿದೆ, ಹಾಗೆ ತಟ್ಟುವುದರಿಂದ ಒಳಗಿರುವ ಕೂಸಿಗೆ ಏನಾದರೂ ಆದೀತೆಂದು ನಿಲ್ಲಿಸಿದೆ, ನಿಲ್ಲಿಸಿದ್ದರಿಂದ ಮಗಳಿಗೆ ಏನಾದರೂ ಆದೀತೆಂದು ಮತ್ತೆ ತಟ್ಟಿದೆ. ಆಮೇಲೆ ಅವ್ವನ ಕಡೆ ತಿರುಗಿದೆ.

"ಯಾಕವ್ವಾ ಬಿಡಿಸ್ಕೊಳ್ಲಿಲ್ಲ?"

"ತೌಡು ಅಳ್ಕೊಂಡು ಹೊರಟಾಗೆಲ್ಲ ನಿನಗೆ ಜ್ವರ ಬರೋದು. ಒಂದ್ಸಲ ದಡಾರ ಎದ್ತು. ಆಮೇಲೆ ನಿಮ್ಮಪ್ಪ ಊರು ಬಿಟ್ಟು ಇಲ್ಲಿಗೆ ಬಂದ್ರು. ಮಾರಿದ್ದು ಕೈ ಹಿಡಿದೈತೆ, ಸುಮ್ನೆ ಯಾಕೆ ಮುಟ್ಟೋದು ಅಂತ ಬಿಟ್ಟೆ."

"ಐವತ್ತು ವರ್ಷ?"

"ಬದುಕಿದೀಯಲ್ಲ? ಮತ್ತೇನು ನಿನ್ನ ತಕರಾರು?"

ನನ್ನ ಕೆಲಸ ಜಮೀನಿನ ದಾಖಲೆ ನೋಡುವುದು. ಖಾತೆ ಬದಲಾಯಿಸದೆ ಬಿಟ್ಟ ಆಸ್ತಿಗೆ ಏನೇನು ಗತಿ ಬರುತ್ತದೆಂದು ದಿನವೂ ಜನರಿಗೆ ಹೆದರಿಸಿ ಹೇಳುತ್ತೇನೆ. "ರೀ, ಸತ್ತೋರ ಹೆಸರಲ್ಲಿ ಪಹಣಿ ಇಟ್ಕೊಂಡು ಹೆಂಗ್ರೀ ನಿದ್ದೆ ಮಾಡ್ತೀರಿ?" ಎಂದು ರೇಗುತ್ತೇನೆ. ಅಂಥವನ ಖಾತೆಯೇ ಬೇರೆ ತಾಲ್ಲೂಕಿನಲ್ಲಿ ಬೇರೆಯವರ ಹೆಸರಲ್ಲಿತ್ತು.

ಆಗ ಬಾಲ್ಯದ ಕೆಲವು ಸಂಗತಿಗಳು ಒಂದೊಂದಾಗಿ ಅರ್ಥವಾದವು. ಅವ್ವ ನನ್ನನ್ನು "ನನ್ನ ಮಗ" ಎಂದು ಯಾವತ್ತೂ ಕರೆದವಳಲ್ಲ. ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು "ನಿಮ್ಮ ಮಗನೇನಮ್ಮಾ?" ಎಂದು ಕೇಳಿದರೆ, "ನಮ್ಮನೇಲಿ ಇರ್ತಾನೆ" ಅಂದಿದ್ದಳು. ಪರೀಕ್ಷೆ ಪಾಸಾದಾಗ, "ಅವರ ಹುಡುಗ ಪಾಸಾಗೈತಂತೆ" ಎಂದು ಬೀದಿಯಲ್ಲಿ ಸಾರಿದ್ದಳು. ಉಳಿದ ಹುಡುಗರಿಗೆ ಬಂಗಾರ, ರಾಜ ಎಂಬ ಬಿರುದುಗಳಿದ್ದವು. ನಾನು ಊಟ ಮಾಡುತ್ತಿದ್ದರೆ "ತೌಡು ತಿಂತೈತೆ" ಎನ್ನುತ್ತಿದ್ದಳು. ಹೆಣ್ಣು ನೋಡಲು ಹೋದಾಗಲೂ, ಹೆಣ್ಣಿನ ಕಡೆಯವರ ಎದುರಿಗೇ, "ಹುಡುಗ ಹಂಗೇನಿಲ್ಲ, ಸಾಧಾರಣ. ಬೇರೆ ಇದ್ರೆ ನೋಡ್ರಿ" ಅಂದುಬಿಟ್ಟಿದ್ದಳು. ಹೆಂಡತಿ ಇವತ್ತಿಗೂ ಹೇಳುವುದುಂಟು: "ಆವತ್ತು ಅಲ್ಲಿ ಸತ್ಯ ಹೇಳಿದ್ದು ಅತ್ತೆ ಒಬ್ರೇ."

ಇದು ಅವ್ವನ ಸ್ವಭಾವ ಎಂದುಕೊಂಡಿದ್ದೆ. ಅವಳು ಕಾವಲು ಕಾಯುತ್ತಿದ್ದಳಂತೆ.

ನನ್ನ ಕಾವಲಿನ ರೀತಿ ಬೇರೆ. ಮಕ್ಕಳನ್ನು ಹುಟ್ಟಿಸುವುದು ಸರಿಯೇ, ಅದನ್ನು ಕೇಳದೆ ನಾವು ಕರೆತಂದ ಒಂದು ಜೀವಕ್ಕೆ ನಾವು ಏನೇನು ಬಾಕಿ ಇರುತ್ತೇವೆ ಎಂಬುದನ್ನೆಲ್ಲ ನಾನು ಗಂಭೀರವಾಗಿ ಯೋಚಿಸಿದ್ದು ಮಗಳು ಹುಟ್ಟಿದ ಮೇಲೆ. ಆಗ ಯೋಚಿಸಿ ಏನೂ ಮಾಡುವಂತಿರಲಿಲ್ಲ. ಆದ್ದರಿಂದ ಹೆದರಲು ಶುರುಮಾಡಿದೆ. ಅವಳು ಮಲಗಿದ್ದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಹೀಗೆ ನೋಡಿ ನೋಡಿಯೇ ಎಬ್ಬಿಸುತ್ತಿದ್ದೆ. ಅವಳ ಶಾಲೆಯ ಆಟೋದ ಹಿಂದೆ ಬೈಕಿನಲ್ಲಿ ಹೋಗುತ್ತಿದ್ದೆ. ಆಟೋದವನು ಒಂದು ದಿನ ನಿಲ್ಲಿಸಿ, "ಸಾರ್, ನೀವು ಹಿಂದೆ ಬಂದ್ರೆ ನನಗೆ ಕನ್ನಡೀಲಿ ನೀವೇ ಕಾಣ್ತೀರ, ರಸ್ತೆ ಕಾಣಲ್ಲ" ಅಂದಿದ್ದ. ಇನ್ನೊಂದು ಮಗುವಿನ ಮಾತು ಬಂದಾಗ ಹೆಂಡತಿ ಕೈ ಮುಗಿದಳು. "ಮಗು ಸಾಕಬಹುದು. ಇಬ್ಬರಿಗಾಗೋಷ್ಟು ಹೆದರೋ ನಿಮ್ಮನ್ನ ಸಾಕೋಕೆ ನನ್ನ ಕೈಲಾಗಲ್ಲ."

ಆ ಮಧ್ಯಾಹ್ನ ಮಗಳು ಅದನ್ನೇ ಕೆದಕಿದಳು. "ಇಷ್ಟು ಹೆದರೋನು ನನ್ನ ಯಾಕಪ್ಪಾ ಹುಟ್ಟಿಸ್ದೆ?"

"ಆಗ ಹೆದರಿಕೆ ಇರಲಿಲ್ಲ. ನಿನ್ನ ಜೊತೆಗೇ ಬಂತು, ಫೋನಿನ ಜೊತೆ ಚಾರ್ಜರ್ ಬಂದಂಗೆ."

"ಈಗ ಚಾರ್ಜರ್ ಬೇರೆ ತಗೋಬೇಕು, ಅಪ್ಪಾ. ಬಾಕ್ಸಲ್ಲಿ ಕೊಡಲ್ಲ."

ಅವ್ವನಿಗೆ ಈ ಮಾತುಕತೆಯಲ್ಲಿ ಆಸಕ್ತಿಯಿರಲಿಲ್ಲ. ಕೈ ತೊಳೆದು ಬಂದು, ಸೆರಗಿನಲ್ಲಿ ಒರೆಸಿಕೊಳ್ಳುತ್ತ ಗೋಡೆಯ ಕಡೆ ನೋಡಿಕೊಂಡು ಹೇಳಿದಳು. "ನನಗೂ ವಯಸ್ಸಾತು. ಹೋಗೋದ್ರೊಳಗೆ ಒಂದ್ಸಲ, ನನ್ನದು ಅಂತ, ಬಾಯಿ ತುಂಬ ಅನ್ಬೇಕು. ಸುಮ್ನೆ ಅಂದ್ರೆ ಆಗಲ್ಲ. ಬಿಡಿಸ್ಕೊಂಡೇ ಅನ್ಬೇಕು."

ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆದರೆ ಅಪನಂಬಿಕೆಯನ್ನು ಕೊನೆಯವರೆಗೆ ಹೊತ್ತು ಹೋಗುವ ಧೈರ್ಯವೂ ಇಲ್ಲ. ಮರುದಿನವೇ ಅಕ್ಕಿ ಗಿರಣಿಗೆ ಹೋದೆ.

"ಎಷ್ಟು ಚೀಲ ಸಾರ್?" ಅಂದ ಗಿರಣಿಯವನು.

"ಒಂದು ಸೇರು."

"ಒಂದು ಸೇರಾ? ಕೋಳಿ ಸಾಕಿದ್ರಾ?"

"ಇಲ್ಲ, ನನಗೇ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ದನಿ ತಗ್ಗಿಸಿದ. "ಶುಗರ್ರಾ? ನಮ್ಮ ಭಾವನೂ ಏನೇನೋ ತಿಂತಾರೆ, ಪಾಪ." ದುಡ್ಡು ಬೇಡವೆಂದ. ನಾನು ತಿದ್ದಲು ಹೋಗಲಿಲ್ಲ. ಶುಗರ್ ಪರೀಕ್ಷೆ ಮಾಡಿಸಿ ಬಹಳ ದಿನವಾಗಿತ್ತೆಂದು ನೆನಪಾಗಿ ಅಲ್ಲಿಂದ ಸೀದಾ ಲ್ಯಾಬಿಗೆ ಹೋದೆ.

ಹೊರಟ ದಿನ ಹೆಂಡತಿ ಬಾಗಿಲಲ್ಲಿ ನಿಂತು, "ನಾನು ಬರಲ್ಲ. ಅವರು ವಾಪಸ್ ಕೊಡಲ್ಲ ಅಂದ್ರೆ ಹೆಚ್ಚು ಚೌಕಾಸಿ ಮಾಡ್ಬೇಡಿ," ಎಂದು ಕಳಿಸಿಕೊಟ್ಟಳು. ಹಿಂದಿನ ಸೀಟಿನಲ್ಲಿ ಅವ್ವ ಹಳೆಯ ಹಿತ್ತಾಳೆ ಸೇರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತೌಡು ಚೆಲ್ಲದಂತೆ ಮೇಲೊಂದು ಬಟ್ಟೆ ಕಟ್ಟಿದ್ದಳು. ನಾನು ಮಗಳ ಪಕ್ಕ ಕೂತು, ಇಲ್ಲದ ಬ್ರೇಕನ್ನು ತೊಗರ್ಸಿ ಕಡೆಗೆ ಹೋಗುವ ದಾರಿ ಸಿಗುವವರೆಗೂ ತುಳಿದೆ. ಅಲ್ಲಿಂದ ಮುಂದೆ ಕಾಲು ಜೋಮು ಹಿಡಿದಿತ್ತು.

ಆ ಮುದುಕಿಯನ್ನು ನಾನು ಮನಸ್ಸಿನಲ್ಲೇ ತೌಡವ್ವ ಎಂದು ಕರೆಯತೊಡಗಿದ್ದೆ. ಅವಳು ಬದುಕಿದ್ದಳು. ಅವಳ ಮಕ್ಕಳೆಲ್ಲ ಹೊಲಕ್ಕೆ ಹೋಗಿದ್ದರು. ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಸುತ್ತ ಮರಿ ಹಾಕಿದ್ದ ಒಂದಷ್ಟು ಕುರಿಗಳು. ಕಣ್ಣಿಗೆ ಪೊರೆ ಬಂದು ಎದುರಿನದು ಮಸುಕು ಮಸುಕು.

"ಯಾರದು?"

"ನಿನ್ನ ಕೂಸನ್ನ ಕರ್ಕೊಂಡು ಬಂದೀನಿ ಕಣೇ," ಅಂದಳು ಅವ್ವ.

"ಯಾವ ಕೂಸು?"

"ತೌಡಿಂದು."

ತೌಡವ್ವ ಕೈ ಚಾಚಿದಳು. ಮಗಳು ನನ್ನನ್ನು ಹಿಂದಿನಿಂದ ತಳ್ಳಿದಳು. ಮುದುಕಿ ಮೊದಲು ನನ್ನ ಕೆನ್ನೆ ಸವರಿದಳು. ಆಮೇಲೆ, ಅಭ್ಯಾಸಬಲದಿಂದ ಇರಬೇಕು, ಹೆಗಲು ಹಿಡಿದು ಅದುಮಿ, ಬೆನ್ನುಮೂಳೆಯ ಮೇಲೆ ಬೆರಳು ಓಡಿಸಿದಳು.

"ಬಾಯಿ ತಗಿ."

ತೆಗೆದೆ. ಬೆರಳು ಹಾಕಿ ಹಲ್ಲು ಮುಟ್ಟಿ ನೋಡಿದಳು. ಹೋದ ವರ್ಷ ದವಡೆ ಹಲ್ಲಿಗೆ ಕೂರಿಸಿದ ಕ್ಯಾಪಿನ ಹತ್ತಿರ ಬೆರಳು ನಿಲ್ಲಿಸಿದಳು. "ಇದೊಂದು ಇವಂದಲ್ಲ. ಹೊರಗಿಂದು." ಬೆರಳನ್ನು ನನ್ನ ಅಂಗಿಗೇ ಒರೆಸಿ ಅವ್ವನ ಕಡೆ ತಿರುಗಿದಳು. "ಬೆನ್ನ ಮ್ಯಾಲೆ ಏನೂ ಇಲ್ಲ. ಇರೋದೆಲ್ಲ ಹೊಟ್ಟಿಗೆ ಬಂದು ಕುಂತೈತಿ. ಏನ್ ಮೇಯ್ಸಿದ್ಯೇ ಇದಕ್ಕ?"

ಅವ್ವನಿಗೆ ಅವಮಾನವಾಯಿತು. "ರೊಟ್ಟಿ, ಮುದ್ದೆ, ತುಪ್ಪ, ಎಲ್ಲಾ ಹಾಕೀನಿ. ಮೈಗೇ ಹತ್ತಲ್ಲ. ಯಾವಾಗ್ಲೂ ಏನೋ ಒಂದು ಚಿಂತೆ."

"ಮೇಯೋ ಹೊತ್ನಾಗ ತಲಿ ಎತ್ತಿ ಎತ್ತಿ ನೋಡೋ ಕುರಿ ಇರ್ತಾವಲ್ಲ, ಅವು ಹಿಂಗಽ ಆಗೋದು."

ಮಗಳು ಗೋಡೆಯ ಕಡೆ ತಿರುಗಿ ನಿಂತಳು. ಅವಳ ಹೆಗಲು ಕುಣಿಯುತ್ತಿತ್ತು.

ಅವ್ವ ಬಂದ ಕಾರಣ ಹೇಳಿದಳು. ತೌಡು ತಂದಿದ್ದೇನೆ, ಹುಡುಗನನ್ನು ಬಿಟ್ಟುಕೊಡು ಎಂದಳು. ತೌಡವ್ವ ಪೂರ್ತಿ ಕೇಳಿಸಿಕೊಂಡು, ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, "ಕೊಡಂಗಿಲ್ಲ" ಅಂದಳು.

ನಾನು ಇದನ್ನು ಊಹಿಸಿದ್ದೆ. ಅವ್ವ ಊಹಿಸಿರಲಿಲ್ಲ. ಸೇರನ್ನು ಎದೆಗೆ ಅವಚಿಕೊಂಡು ನಿಂತುಬಿಟ್ಟಳು.

"ಯಾಕೆ ಕೊಡಲ್ಲ?"

"ಈಗ ನೆನಪಾತೇನು ನಿಂಗ? ದಿನಾ ಸಂಜಿಗೆ ಕುರಿ ಎಣಸ್ತೀನಿ, ಮಕ್ಕಳ್ನ ಎಣಸ್ತೀನಿ, ಹೊರಗೊಂದೈತಿ ಅಂತ ಇವನ್ನೂ ಸೇರ್ಸಿ ಮಲಗ್ತೀನಿ. ನೌಕರಿ ಹತ್ತೈತಿ ಅಂತ ಸುದ್ದಿ ಬಂದಾಗ ಓಣಿಗೆಲ್ಲ ಸಕ್ಕರಿ ಹಂಚೀನಿ. ನೀವು ಮದಿವಿಗೆ ಕರದ್ರೇನು? ಕರೀಲಿಲ್ಲ."

"ಕರೆದ್ರೆ ನಿನ್ನ ಮಗ ಅಂತ ನೀನೇ ಕರ್ಕೊಂಡು ಹೋಗಿಬಿಟ್ರೆ?"

"ಕರ್ಕೊಂಡು ಹೋಗಿ ಏನ್ ಮಾಡ್ಲಿ ಇವನ್ನ? ಉಣ್ಣೆನೂ ಇಲ್ಲ, ಹಾಲೂ ಇಲ್ಲ!"

ಇಬ್ಬರೂ ಕಟ್ಟೆಯ ಮೇಲೆ ಪಕ್ಕಪಕ್ಕ ಕೂತು ಜಗಳ ಶುರುಮಾಡಿದರು. ನನ್ನ ದಡಾರಕ್ಕೆ ಯಾರು ಹರಕೆ ಹೊತ್ತದ್ದು, ನಾನು ಬಾವಿಗೆ ಬಗ್ಗಿದ್ದಾಗ ಯಾರು ಹಿಂದಿನಿಂದ ಚಡ್ಡಿ ಹಿಡಿದು ಎಳೆದದ್ದು, ಎಲ್ಲ ಬಂತು. ನಾನು ಬಾವಿಗೆ ಬಗ್ಗಿದ್ದೆನೆಂಬುದೇ ನನಗೆ ಹೊಸ ಸುದ್ದಿ. ಐವತ್ತು ವರ್ಷ ತಡವಾಗಿ ಮೈ ನಡುಗಿತು. ನನಗೇ ತಿಳಿಯದಂತೆ ಇನ್ನೊಬ್ಬಳು ಇಷ್ಟು ವರ್ಷ ನನ್ನ ಸಲುವಾಗಿ ಹೆದರಿಕೊಂಡಿದ್ದಳು. ಗೊತ್ತಿದ್ದರೆ ನಾನು ಸ್ವಲ್ಪ ಕಡಿಮೆ ಹೆದರಬಹುದಿತ್ತೇನೋ.

"ಅಪ್ಪಾ," ಮಗಳು ಪಿಸುಗುಟ್ಟಿದಳು, "ನಿನ್ನ ಕಸ್ಟಡಿ ಕೇಸು ನಡೀತಿದೆ. ಸ್ವಲ್ಪ ಮುದ್ದಾಗಿ ನಿಂತ್ಕೋ."

ಕೊನೆಗೆ ಅವ್ವನ ದನಿ ಇಳಿಯಿತು. "ನೀನಾದ್ರೂ ದಿನಾ ನಿನ್ನ ಲೆಕ್ಕಕ್ಕೆ ಸೇರ್ಸ್ಕೊಂಡೆ. ನಾನು ಒಂದ್ಸಲನೂ ನನ್ನ ಮಗ ಅಂದಿಲ್ಲ ಕಣೇ. ಅನ್ನಾಕಾದ್ರೂ ಕೊಡೇ."

"ಒಂದ್ಸಲನೂ?"

"ಇಲ್ಲ."

"ಯಾರೂ ಇಲ್ಲದಾಗ, ಒಳಗೊಳಗ?"

"ಇಲ್ಲ. ಗೋಡೆಗೂ ಕಿವಿ ಇರ್ತಾವೆ ಅಂತ."

ತೌಡವ್ವ ಎಲೆಯಡಿಕೆ ಪಕ್ಕಕ್ಕೆ ಉಗುಳಿದಳು. "ಹುಚ್ಚಿ," ಅಂದಳು. ಆಮೇಲೆ ನನ್ನ ಮಗಳ ಕಡೆ, "ಒಳಗ ಮೂಲ್ಯಾಗ ಮೊರ ಐತಿ, ತಾ ತಂಗಿ." ಸೇರಿನ ಬಟ್ಟೆ ಸರಿಸಿ ತೌಡು ಮೂಸಿ ನೋಡಿದಳು. "ಮಿಲ್ಲಿಂದು."

"ಒನಕೆ ಎಲ್ಲೈತೆ ಈಗ?"

"ಇರ್ಲಿ. ಮಾಲೂ ಹಂಗಽ ಐತಿ. ಸರಿಹೋತು."

ಮೊರ ಬಂತು. ಅದು ಬಿದಿರಿನದು, ಎರಡು ಸೇರು ಅಕ್ಕಿ ಕೇರಲು ಮಾಡಿದ್ದು. ನಾನು ಅದರಲ್ಲಿ ಕೂತರೆ ಮೊರ ಹೋಗುತ್ತದೆ, ನಿಂತರೆ ನಾನು ಹೋಗುತ್ತೇನೆ. ಪಾದ ಮಾತ್ರ ಇಡಲಿ ಎಂದಳು ಮಗಳು. ಕಾಲು ಮಾರಿದಂತಾಗುತ್ತದೆ, ಉಳಿದದ್ದು ಇಲ್ಲೇ ಉಳಿಯುತ್ತದೆ ಎಂದಳು ಅವ್ವ. ಕುರಿ ಮಾರುವಾಗ ತಲೆ ಹಿಡಿದು ಕೊಡುತ್ತೇವೆ, ತಲೆ ಇಟ್ಟರೆ ಸಾಕು ಎಂಬ ತೌಡವ್ವನ ಮಾತು ಗೆದ್ದಿತು. ಹಾಗಾಗಿ ನಾನು, ಸರ್ಕಾರಿ ನೌಕರ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಂಗಳದಲ್ಲಿ ಗೋಣಿಚೀಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಮೊರದೊಳಗಿಟ್ಟೆ. ತೌಡವ್ವ ಶಾಸ್ತ್ರಕ್ಕೆಂದು ನೆತ್ತಿಯ ಮೇಲೆ ಒಂದು ಚಿಟಿಕೆ ತೌಡು ಉದುರಿಸಿದಳು. ಕೂಡಲೇ ಕುರಿಗಳು ಬಂದವು. ಒಂದು ನನ್ನ ಹಣೆ ನೆಕ್ಕಿತು. ಇನ್ನೊಂದು ಕಿವಿಯೊಳಗೆ ಬಿಸಿ ಉಸಿರು ಬಿಡುತ್ತ ನನ್ನ ಕೂದಲಿನ ಬುಡ ಹುಡುಕತೊಡಗಿತು. ಅಲ್ಲಿ ಹುಡುಕುವಂಥದ್ದು ಹೆಚ್ಚೇನೂ ಇಲ್ಲ. ಕುರಿಯಿಂದ ಮನುಷ್ಯನಿಗೆ ಬರುವ ರೋಗಗಳನ್ನು ನೆನಪಿಸಿಕೊಳ್ಳುತ್ತ ಕಣ್ಣು ಮುಚ್ಚಿದೆ.

ಅವ್ವ ತೌಡಿನ ಸೇರು ಹಿಡಿದು ಮುಂದೆ ಬಂದಳು. ಆ ಹೊತ್ತಿಗೆ ಕುರಿಗಳ ನೂಕುನುಗ್ಗಲಿಗೆ ತೌಡಿನ ಧೂಳು ಎದ್ದು ಅವಳಿಗೆ ಸೀನು ಬಂತು. ಒಂದು ಸೀನು ಇನ್ನೊಂದನ್ನು ಕರೆಯಿತು. "ಹಿಡ್ಕೊಳ್ಳೇ ಒಂಚೂರು," ಎಂದು ಸೇರನ್ನು ಮೊಮ್ಮಗಳ ಕೈಗೆ ಕೊಟ್ಟು, ಸೆರಗು ಮುಖಕ್ಕೆ ಮುಚ್ಚಿಕೊಂಡು ಸೀನುತ್ತ ಬಾಗಿಲ ಕಡೆ ಹೋದಳು.

"ತಾ," ಅಂದಳು ತೌಡವ್ವ, ಕೈ ಚಾಚಿ.

ಮಗಳು, ದೊಡ್ಡವರು ಕೇಳಿದರೆಂದು, ಕೊಟ್ಟಳು.

ತೌಡವ್ವ ಸೇರನ್ನು ಹಣೆಗೆ ಮುಟ್ಟಿಸಿಕೊಂಡು, ತೌಡನ್ನು ಒಂದೇ ಸಲಕ್ಕೆ ಕುರಿಗಳ ಮುಂದೆ ಸುರಿದು, ಊರಿಗೆಲ್ಲ ಕೇಳುವಂತೆ ಹೇಳಿದಳು. "ಈ ತೌಡು ಕೊಟ್ಟಾಕಿ ಮಗ ಇವ. ನನ್ನ ಋಣ ತೀರ್ತು." ಬರಿದಾದ ಸೇರನ್ನು ವಾಪಸು ಕೊಟ್ಟಳು.

ಅವ್ವ ಮೂಗು ಒರೆಸಿಕೊಳ್ಳುತ್ತ ಬಂದಳು. "ಹಾಂ, ಶುರು ಮಾಡೇ."

"ಮುಗೀತಲ್ಲ."

"ಯಾರು ಕೊಟ್ಟಿದ್ದು?"

ಬರಿ ಸೇರು ಹಿಡಿದು ನಿಂತವಳ ಕಡೆ ಎಲ್ಲರೂ ನೋಡಿದೆವು. ಮೊರದಲ್ಲಿದ್ದುದರಿಂದ ನಾನು ಅವಳನ್ನು ತಲೆಕೆಳಗಾಗಿ ನೋಡಿದೆ.

"ಇದು ಲೆಕ್ಕಕ್ಕಿಲ್ಲ!" ಅಂದಳು ಅವ್ವ. "ಮತ್ತೆ ಮಾಡು."

"ತೌಡು ಕುರಿ ತಿಂದ್ವು. ಯಾವುದರ ಹೊಟ್ಟಿಯಿಂದ ತಗೀಲಿ? ಮಾತು ಆಡಿದ್ದು ಆಡಿದ್ದಽ."

"ಹಂಗಾರೆ ನೀ ಕೊಡೇ," ಅವ್ವ ಮೊಮ್ಮಗಳ ಕಡೆ ತಿರುಗಿದಳು. "ನಿನ್ನ ಹತ್ರ ತಗೊಂತೀನಿ."

ಮಗಳು ನನ್ನನ್ನು ನೋಡಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು. "ಇಲ್ಲ ಅಜ್ಜಿ, ಮಾರಲ್ಲ. ಇದು ಬರೋವರೆಗೂ ಕೈ ಪಳಗಲಿಕ್ಕೆ ಅದು ಇರಲಿ."

ಅವ್ವನ ಮುಖ ಸಣ್ಣದಾಯಿತು. ಕಟ್ಟೆಯ ಮೇಲೆ ಕೂತಳು. ನಾನು ಏಳಬೇಕೋ ಬೇಡವೋ ಗೊತ್ತಾಗದೆ ಮಲಗಿಯೇ ಇದ್ದೆ. ಅಷ್ಟರಲ್ಲಿ ಅವಳ ತುಟಿ ಅಲುಗತೊಡಗಿತು; ಬೆರಳ ಗೆಣ್ಣು ಮುಟ್ಟಿಕೊಂಡು ಏನೋ ಸಂಬಂಧ ಲೆಕ್ಕ ಹಾಕುತ್ತಿದ್ದಳು. "ಇವಳು ಮೊಮ್ಮಗಳು. ಇವಳ ಮಗ ಅಂದ್ರೆ... ನನಗೆ ಮರಿಮಗ ಆದ."

"ಆದ," ಅಂದಳು ತೌಡವ್ವ.

"ಮಗ ಅಂದ್ರೆ ಕಣ್ಣು ತಾಗ್ತೈತೆ. ಮರಿಮಗ ಅಂದ್ರೆ ಯಾರಿಗೇನು?"

"ಯಾರಿಗೇನೂ ಇಲ್ಲ."

ಅವ್ವ ಎದ್ದು ಬಂದಳು. ಕುರಿಗಳನ್ನು ಸರಿಸಿ, ಮೊಣಕಾಲು ಊರಿ ಕೂತು, ಸೆರಗಿನ ತುದಿಯಿಂದ ನನ್ನ ಕಿವಿಯ ತೌಡು ಒರೆಸಿದಳು, ಆಮೇಲೆ ಮೂಗು, ಆಮೇಲೆ ಒರೆಸಬೇಕಾದ್ದೇನೂ ಇರದ ಹಣೆ. "ಬಂಗಾರ ಕಣೇ ನನ್ನ ಮರಿಮಗ," ಅಂದಳು. ದನಿ ಸಾಲದೆನಿಸಿ, ಬೀದಿಯ ಕಡೆ ತಿರುಗಿ ಇನ್ನೂ ಜೋರಾಗಿ ಅಂದಳು. "ನನ್ನದು! ಬಂಗಾರ ನನ್ನ ಮರಿಮಗ, ರಾಜ!" ಎದುರು ಮನೆಯ ಕಿಟಕಿ ತೆರೆಯಿತು.

"ಅವ್ವಾ, ಸಾಕು, ಊರೋರು ನೋಡ್ತಿದಾರೆ," ಅಂದೆ.

"ಅವ್ವ ಅಲ್ಲ, ಮುತ್ತಜ್ಜಿ ಅನ್ಬೇಕು," ಎಂದು ನನ್ನ ಮಗಳು ಕೆನ್ನೆಗೊಂದು ಮೆತ್ತನೆ ಪೆಟ್ಟು ಕೊಟ್ಟಳು.